ಚೈನಿಗೆ ಎಣ್ಣೆಯೋ, ಮೇಣವೋ? ಮೂರೂ ಬಗೆ ಹಾಕಿ ನೋಡಿದ ಮೇಲೆ

ಸೈಕಲ್ ಲೋಕಕ್ಕೆ ಈಚೆಗೆ ಹಿಡಿದಿರುವ ಗೀಳುಗಳಲ್ಲಿ ಬಹುಪಾಲು ಜೇಬಿಗೆ ಕತ್ತರಿ ಹಾಕುವಂಥವೇ. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕಿನ ಎಣ್ಣೆ ಹರಿಯುವ ಹೋಸನ್ನು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಬೇರಿಂಗಿನ ನಡುವೆ ತೂರಿಸಿ ಫ್ರೇಮಿನೊಳಗೆ ಇಳಿಸುವುದು. ನೋಡಲು ಚೆಂದ, ಆದರೆ ಒಂದು ಸಣ್ಣ ಬೇರಿಂಗ್ ಬದಲಿಸಬೇಕೆಂದರೂ ಹೋಸ್ ಕಳಚಿ, ಮತ್ತೆ ಬ್ಲೀಡ್ ಮಾಡಿ (ಒಳಗಿನ ಗಾಳಿ ಹೊರಹಾಕಿ), ಅರ್ಧ ದಿನದ ಕೂಲಿ ಕೊಡಬೇಕು. ಅದರ ಮಾತು ಇಷ್ಟು ಸಾಕು. ಒಳ್ಳೆಯ ಗೀಳೂ ಒಂದಿದೆ: ಚೈನನ್ನು ಕರಗಿದ ಮೇಣದಲ್ಲಿ ಅದ್ದುವುದು. ಕಿಲೋಗೆ ಇನ್ನೂರು ಚಿಲ್ಲರೆ ರೂಪಾಯಿಯ ಪ್ಯಾರಾಫಿನ್ ಸಾವಿರಾರು ರೂಪಾಯಿಯ ಕ್ಯಾಸೆಟ್ಟನ್ನು, ಅಂದರೆ ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲನ್ನು, ಉಳಿಸುತ್ತದೆ.

ಹೋಲಿಸಿದ್ದು ಮೂರನ್ನು: ಎಣ್ಣೆ, ಬಾಟಲಿಯಿಂದ ಹನಿ ಹಾಕುವ ಮೇಣ, ಪಾತ್ರೆಯಲ್ಲಿ ಕರಗಿಸಿ ಅದ್ದುವ ಬಿಸಿ ಮೇಣ. ನನ್ನ ಓಟು ಬಿಸಿ ಮೇಣಕ್ಕೆ. ಹಾಗೆಂದು ಅದೇನೂ ಸುಲಭದ್ದಲ್ಲ.

ಮೊದಲು ಎಣ್ಣೆ. ಚೈನ್ 'ಹಿಗ್ಗಿದೆ' ಎಂದು ಅಂಗಡಿಯವರು ಹೇಳುವುದು ರೂಢಿಯ ಮಾತು. ಉಕ್ಕಿನ ಪಟ್ಟಿ ಎಲ್ಲಿ ಹಿಗ್ಗೀತು? ಕೊಂಡಿಗಳನ್ನು ಜೋಡಿಸುವ ಪಿನ್ನೂ ಅದು ತಿರುಗುವ ತೂತೂ ಸವೆದು, ಕೊಂಡಿಗೆ ಒಂದಿಷ್ಟು ಸಡಿಲ ಸೇರಿ ಉದ್ದವಾಗುತ್ತದೆ. ಸವೆಸುವುದು ಧೂಳು, ಆ ಧೂಳನ್ನು ಹಿಡಿದು ಒಳಗೆ ಕೂರಿಸುವುದು ಎಣ್ಣೆ. ಕೆಮ್ಮಣ್ಣಿನ ರಸ್ತೆಯಲ್ಲಿ ಐವತ್ತು ಕಿ.ಮೀ. ಓಡಿಸಿ ಚೈನ್ ಮುಟ್ಟಿದರೆ ಬೆರಳಿಗೆ ಬರುವ ಕಪ್ಪು ಲೇಪವಿದೆಯಲ್ಲ, ಎಂಜಿನ್ನಿನ ವಾಲ್ವ್ ಉಜ್ಜುವ ತರಿತರಿ ಪೇಸ್ಟಿಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ. ಹೊರಗೆ ಎಷ್ಟು ಒರೆಸಿದರೂ ಪಿನ್ನಿನ ಸುತ್ತ ಇರುವುದು ಹೊರಬರುವುದಿಲ್ಲ. ಮೇಲೆ ಹೊಸ ಎಣ್ಣೆ ಹಾಕಿದರೆ ಕೊಳೆ ಇನ್ನಷ್ಟು ಒಳಗೆ ಹೋಗುತ್ತದೆ.

ಸವೆತ ಅಳೆಯಲು ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, ಅಲ್ಲಿಂದ 24ನೇ ಪಿನ್ನು ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬರಬೇಕು. ಒಂದೂವರೆ ಮಿ.ಮೀ. ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಸವೆದಿದೆ. 11, 12 ಸ್ಪೀಡಿನ (ಹಿಂದೆ ಅಷ್ಟು ಹಲ್ಲುಗಾಲಿ ಇರುವ) ಚೈನಾದರೆ ಅಲ್ಲಿಗೇ ತೆಗೆದುಹಾಕಿ. 10 ಮತ್ತು ಅದಕ್ಕಿಂತ ಕೆಳಗಿನವನ್ನು 0.75 ಪರ್ಸೆಂಟ್ ತನಕ ಎಳೆಯಬಹುದು. ಅದನ್ನೂ ಮೀರಿ ಓಡಿಸಿದರೆ ಕ್ಯಾಸೆಟ್ಟಿನ ಹಲ್ಲು ಸವೆದ ಚೈನಿಗೆ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ಹೊಸ ಚೈನ್ ಹಾಕಿ ಜೋರಾಗಿ ತುಳಿದಾಗ ಜಾರುತ್ತದೆ.

ಈಗ ಬಿಸಿ ಮೇಣದ ತಂಟೆಗೆ ಬರೋಣ. ಮೇಣ ಕರಗಿಸುವುದು ತಂಟೆಯಲ್ಲ, ತಂಟೆ ಇರುವುದು ಹೊಸ ಚೈನಿನ ಗ್ರೀಸಿನಲ್ಲಿ.

ಕಾರ್ಖಾನೆಯಿಂದ ಬರುವ ಚೈನಿನ ಒಳಗೆಲ್ಲ ದಪ್ಪ ಗ್ರೀಸ್ ತುಂಬಿರುತ್ತದೆ. ಗ್ರೀಸ್ ಇದ್ದಲ್ಲಿ ಮೇಣ ಕಚ್ಚುವುದಿಲ್ಲ. ಅಷ್ಟೇ ಅಲ್ಲ, ಗ್ರೀಸ್ ಪಾತ್ರೆಗಿಳಿದು ಇಡೀ ಮೇಣ ಮೆತ್ತಗಾಗುತ್ತದೆ, ಅದರಲ್ಲಿ ಮುಂದೆ ಅದ್ದಿದ ಚೈನೆಲ್ಲ ಧೂಳು ಹಿಡಿಯುತ್ತದೆ. 'ಮೇಣ ಹಾಕಿದೆ, ನೂರು ಕಿ.ಮೀ.ಗೇ ಕಿರುಗುಟ್ಟಿತು' ಎನ್ನುವವರ ಚೈನ್ ಬಿಚ್ಚಿ ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಕಾಣುವುದು ಈ ಗ್ರೀಸೇ.

ಬೇಕಾದದ್ದು ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿ, ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಒಂದು ಲೀಟರ್, ಅರ್ಧ ಲೀಟರ್ ಸ್ಪಿರಿಟ್ (ಡಿನೇಚರ್ಡ್ ಆಲ್ಕೋಹಾಲ್). ಚೈನನ್ನು ಡಬ್ಬಿಗೆ ಹಾಕಿ, ಮುಳುಗುವಷ್ಟು ಟರ್ಪೆಂಟೈನ್ ಹುಯ್ದು ಎರಡು ನಿಮಿಷ ಚೆನ್ನಾಗಿ ಕುಲುಕಿ. ಅರ್ಧ ಗಂಟೆ ಬಿಟ್ಟು ಮತ್ತೆ ಕುಲುಕಿ, ಬಸಿಯಿರಿ. ಮೊದಲ ಸಲ ಕಷಾಯದ ಬಣ್ಣ ಬರುತ್ತದೆ. ಎರಡನೆಯ, ಮೂರನೆಯ ಸಲಕ್ಕೆ ತಿಳಿಯಾಗಬೇಕು. ಆಗದಿದ್ದರೆ ಇನ್ನೊಂದು ಸಲ. ಇಲ್ಲಿಗೆ ಮುಗಿಯಿತು ಎಂದು ಬಿಟ್ಟವರೇ ಹೆಚ್ಚು ಕೆಡುವುದು. ಟರ್ಪೆಂಟೈನ್ ಆರಿದ ಮೇಲೆ ತೆಳ್ಳನೆಯ ಜಿಡ್ಡಿನ ಪೊರೆ ಉಳಿಯುತ್ತದೆ, ಸೀಮೆಎಣ್ಣೆಯಾದರಂತೂ ಇನ್ನೂ ಹೆಚ್ಚು. ಅದನ್ನು ತೆಗೆಯಲೆಂದೇ ಸ್ಪಿರಿಟ್. ಅದರಲ್ಲೂ ಎರಡು ಸಲ ಕುಲುಕಿ: ಮೊದಲನೆಯದು ಮಂಕಾಗುತ್ತದೆ, ಎರಡನೆಯದು ತಿಳಿಯಾಗಿ ಉಳಿಯಬೇಕು. ಆಮೇಲೆ ಚೈನನ್ನು ಗಾಳಿಗೆ ತೂಗುಹಾಕಿ. ಆರಿದ ಚೈನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಣ ಒಣ ಸದ್ದು ಬರುತ್ತದೆ, ಬಿಳಿ ಬಟ್ಟೆಯಲ್ಲಿ ಎಳೆದರೆ ಗೆರೆ ಬೀಳುವುದಿಲ್ಲ. ಸ್ಪಿರಿಟ್ ವಾಸನೆ ಪೂರ್ತಿ ಹೋಗುವ ತನಕ ಒಲೆಯ ಹತ್ತಿರ ತರಬೇಡಿ.

ತುಕ್ಕು ತೆಗೆಯುವ ಆಸಿಡ್ ಮುಟ್ಟಲೇಬೇಡಿ, ಉಕ್ಕು ಬಿರುಸಾಗಿ ಕೊಂಡಿ ಸೀಳುತ್ತದೆ. ಕೊಳೆ ಟರ್ಪೆಂಟೈನನ್ನು ಮೋರಿಗೆ ಸುರಿಯದೆ ಬಾಟಲಿಯಲ್ಲಿ ವಾರ ಬಿಟ್ಟರೆ ಮಡ್ಡಿ ಕೆಳಗಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಚೈನಿನ ಮೊದಲ ತೊಳೆತಕ್ಕೆ ಬರುತ್ತದೆ. ಎಣ್ಣೆಯಲ್ಲಿ ಎರಡು ಸಾವಿರ ಕಿ.ಮೀ. ಓಡಿದ ಹಳೆಯ ಚೈನಿಗೆ ಇದೆಲ್ಲ ವ್ಯರ್ಥ ಪ್ರಯಾಸ, ಹೊಸದರಿಂದಲೇ ಶುರುಮಾಡಿ. ಕ್ಯಾಸೆಟ್, ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಗಾಲಿ), ಜಾಕಿ ವೀಲ್‌ಗಳ (ಹಿಂದಿನ ಗೇರಿನ ಪುಟ್ಟ ಗಾಲಿಗಳ) ಹಳೇ ಜಿಡ್ಡನ್ನೂ ಅದೇ ದಿನ ಒರೆಸಬೇಕು.

ಇಷ್ಟಾದರೆ ಉಳಿದದ್ದು ಅಡುಗೆಗಿಂತ ಸುಲಭ. ಹಳೆಯ ಇಡ್ಲಿ ಪಾತ್ರೆಯಲ್ಲಿ ಎರಡಿಂಚು ನೀರು, ಅದರೊಳಗೆ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಪೂರ್ತಿ ಶುದ್ಧಿ ಮಾಡಿದ ಪ್ಯಾರಾಫಿನ್ ಅರ್ಧ ಕಿಲೋ. ಬಣ್ಣ, ಸುವಾಸನೆ ಬೆರೆಸಿದ ಮೇಣದಬತ್ತಿ ಬೇಡ. ಮೇಣವನ್ನು ನೇರ ಉರಿಯ ಮೇಲೆ ಇಡಬಾರದು, ಅಳತೆ ಮೀರಿ ಕಾದರೆ ಹೊತ್ತಿಕೊಳ್ಳುತ್ತದೆ. ನೀರಿನ ನಡುವೆ ಇದ್ದರೆ ನೂರು ಡಿಗ್ರಿ ದಾಟುವ ಭಯವಿಲ್ಲ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸಿನಲ್ಲಿ. ಆ ಇಡ್ಲಿ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು, ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಕ್ಷೇಮ.

ಚೈನನ್ನು ತಂತಿಗೆ ಪೋಣಿಸಿ ಇಳಿಸಿ. ಗುಳ್ಳೆ ಏಳುತ್ತವೆ, ಅದು ಪಿನ್ನಿನ ಸುತ್ತಲ ಗಾಳಿ. ಹತ್ತು ನಿಮಿಷ ಆಗಾಗ ಅಲ್ಲಾಡಿಸಿ, ಗುಳ್ಳೆ ನಿಂತ ಮೇಲೆ ಒಲೆ ಆರಿಸಿ. ಕೂಡಲೇ ಎತ್ತಿದರೆ ಮೇಣ ನೀರಿನಂತೆ ಇಳಿದುಹೋಗುತ್ತದೆ. ಡಬ್ಬಿಯ ಅಂಚಿನಲ್ಲಿ ಹಾಲಿನ ಕೆನೆಯಂಥ ಬಿಳಿ ಗೆರೆ ಕಟ್ಟತೊಡಗಿದಾಗ ಎತ್ತಿ ತೂಗುಹಾಕಿ. ಕಾಲು ಗಂಟೆಯಲ್ಲಿ ಚೈನ್ ಕೋಲಿನಂತೆ ಸೆಟೆದು ನಿಲ್ಲುತ್ತದೆ. ಒಂದು ಪೈಪಿನ ಮೇಲೆ ಎರಡೂ ಕಡೆಗೆ ಬಗ್ಗಿಸಿ ಎಳೆದರೆ ಕೊಂಡಿ ಕೊಂಡಿಯೂ ಚಟಚಟನೆ ಬಿಡುತ್ತದೆ. ಹಾಕಿದ ಮೊದಲ ಏಳೆಂಟು ಕಿ.ಮೀ. ಗೇರ್ ಸ್ವಲ್ಪ ತಡವರಿಸುತ್ತದೆ, ಬಿಳಿ ಹೊಟ್ಟು ಉದುರುತ್ತದೆ. ಗಾಬರಿ ಬೇಡ.

ಸುಮಾರು 300 ಕಿ.ಮೀ.ಗೊಮ್ಮೆ ಮತ್ತೆ ಅದ್ದಬೇಕು. ಆಗ ಟರ್ಪೆಂಟೈನ್ ಕೆಲಸವಿಲ್ಲ, ಬಟ್ಟೆಯಿಂದ ಒರೆಸಿ ನೇರ ಡಬ್ಬಿಗೆ. ಮೇಣ ತಣ್ಣಗಾದ ಮೇಲೆ ಅಚ್ಚನ್ನು ಕಳಚಿದರೆ ಕೊಳೆ ತಳದಲ್ಲಿ ಕರಿ ಪದರವಾಗಿ ಕೂತಿರುತ್ತದೆ, ಚಾಕುವಿನಿಂದ ಕೆರೆದು ಎಸೆಯಿರಿ.

ಬಾಟಲಿ ಮೇಣ ಈ ಎರಡರ ನಡುವಿನದು. ಬಹುಪಾಲು ನೀರಿನಲ್ಲಿ ಬೆರೆಸಿದ ಮೇಣ. ಚೈನಿನ ರೋಲರಿಗೊಂದು (ಪಿನ್ನಿನ ಸುತ್ತ ಉರುಳುವ ಪುಟ್ಟ ಕೊಳವೆಗೊಂದು) ಹನಿ ಹಾಕಿ ರಾತ್ರಿಯಿಡೀ ಆರಲು ಬಿಡಬೇಕು. ಚೈನ್ ಬಿಚ್ಚುವ ಗೋಜಿಲ್ಲ, ಸರಿ. ಆದರೆ ಗ್ರೀಸ್ ತೆಗೆಯುವ ಕರ್ಮ ಇದಕ್ಕೂ ತಪ್ಪಿದ್ದಲ್ಲ, ಮಲೆನಾಡಿನ ಜುಲೈನಲ್ಲಿ ಅದು ಆರುವುದೇ ಇಲ್ಲ, ಹಳೇ ಕೊಳೆ ಒಳಗೇ ಉಳಿಯುತ್ತದೆ. ಬಾಟಲಿಯ ಬೆಲೆಗೆ ನಾಲ್ಕೈದು ಕಿಲೋ ಪ್ಯಾರಾಫಿನ್ ಬರುತ್ತದೆ. ದೂರದ ಪ್ರಯಾಣದಲ್ಲಿ ಚೀಲದಲ್ಲಿಟ್ಟುಕೊಳ್ಳಲು ಮಾತ್ರ ಇದಕ್ಕೆ ಸಾಟಿಯಿಲ್ಲ.

ಮಳೆಯಲ್ಲಿ ಎಣ್ಣೆಯೇ ಮೇಲು, ಒಪ್ಪಲೇಬೇಕು. ಮೇಣದ ಚೈನ್ ನೆನೆದರೆ ಮಾರನೆಯ ಬೆಳಿಗ್ಗೆ ಕೇಸರಿ ಬಣ್ಣ. ನೆನೆದ ದಿನವೇ ಒರೆಸಿ, ಬಿಚ್ಚಿ, ಕುದಿನೀರು ಹುಯ್ದು, ಒಣಗಿಸಿ ಅದ್ದಬೇಕು.

ಕ್ವಿಕ್ ಲಿಂಕ್ (ಚೈನ್ ಬಿಚ್ಚಿ ಜೋಡಿಸುವ ಕೊಂಡಿ) ವಿಚಾರ: 11, 12 ಸ್ಪೀಡಿನದನ್ನು ಒಮ್ಮೆ ಮಾತ್ರ ಬಳಸಿ ಎನ್ನುತ್ತದೆ ಗೇರ್ ತಯಾರಿಸುವ ಶಿಮಾನೊ ಕಂಪನಿ. ಪದೇ ಪದೇ ಬಿಚ್ಚುವವರಿಗೆ ವಿಪ್ಪರ್‌ಮನ್ ಕಂಪನಿಯ ಕಾನೆಕ್ಸ್ ಲಿಂಕ್ ವಾಸಿ, ಇಕ್ಕಳವೇ ಬೇಡ.

ಆಸ್ಟ್ರೇಲಿಯಾದ ಝೀರೋ ಫ್ರಿಕ್ಷನ್ ಸೈಕ್ಲಿಂಗ್‌ನವರು ಚೈನನ್ನು ಯಂತ್ರದ ಮೇಲೆ ಸಾವಿರಾರು ಕಿ.ಮೀ. ಓಡಿಸಿ, ನಡುನಡುವೆ ಮಣ್ಣು, ನೀರು ಹಾಕಿ ಸವೆತ ಅಳೆಯುತ್ತಾರೆ. ಅಲ್ಲೂ ಮುಂದಿರುವುದು ಅದ್ದುವ ಮೇಣಗಳೇ. ನನಗೆ ಆ ಪಟ್ಟಿಗಿಂತ ಮುಖ್ಯವಾದದ್ದು ಬೇರೆ: ಸೈಕಲ್ಲನ್ನು ಮನೆಯ ಹಾಲ್‌ನಲ್ಲೇ ನಿಲ್ಲಿಸಬೇಕಾದವರಿಗೆ ಗೋಡೆಯ ಮೇಲೆ ಕಪ್ಪು ಗೆರೆ ಬೀಳುವುದಿಲ್ಲ, ಪ್ಯಾಂಟ್ ಕೆಡುವುದಿಲ್ಲ. ವಾರಕ್ಕೆ ನೂರೈವತ್ತು ಕಿ.ಮೀ. ಓಡಿಸುವ ಲೆಕ್ಕಕ್ಕೆ ಎರಡು ಚೈನ್ ಒಟ್ಟಿಗೆ ಕೊಂಡು, ಎರಡನ್ನೂ ಒಂದೇ ಭಾನುವಾರ ಅದ್ದಿ, ಹದಿನೈದು ದಿನಕ್ಕೊಂದರಂತೆ ಸರದಿಯಲ್ಲಿ ಹಾಕಿದರೆ ತಿಂಗಳಿಗೆ ಒಂದೇ ಸಲ ಒಲೆ ಹಚ್ಚುವ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಹಳೇ ಚೈನಿಗೆ ಎಣ್ಣೆ ಹಾಕಿ ಓಡಿಸುತ್ತೇನೆ. ತರಕಾರಿ ತರುವ, ಗೇರಿಲ್ಲದ, ಚೈನ್ ಕವರ್ ಇರುವ ಸೈಕಲ್ಲಿಗೆ ಈ ಉಪಚಾರ ಯಾವುದೂ ಬೇಡ. ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ, ಮೇಲಿನದನ್ನು ಹಳೇ ಬನಿಯನ್ನಿನಲ್ಲಿ ಒರೆಸಿದರೆ ಆಯಿತು.