ಕಣದ ಬಿರುಕಿಗೆ ನಾಲ್ಕು ಮದ್ದು, ನನ್ನ ಓಟು ಲೇಟೆಕ್ಸ್ ಗಾರೆಗೆ

ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಮನೆ ಮುಂದೆ ಕಾಫಿ ಒಣಗಿಸುವ ಕಾಂಕ್ರೀಟ್ ಕಣ ಬಿರುಕು ಬಿಟ್ಟಿದ್ದರೆ, ಮೇಲ್ಪದರ ಕಿತ್ತು ಬಂದಿದ್ದರೆ, ಎಸ್‌ಬಿಆರ್ ಲೇಟೆಕ್ಸ್ (ಕೃತಕ ರಬ್ಬರಿನ ದ್ರವ) ಬೆರೆಸಿದ ಸಿಮೆಂಟ್ ಗಾರೆ ಹಾಕಿಸಿ. ನಾನು ಬರೀ ಸಿಮೆಂಟ್ ನೋಡಿದ್ದೇನೆ, ಎಪಾಕ್ಸಿ ಅನ್ನುವ ರಾಳದ ಅಂಟು ನೋಡಿದ್ದೇನೆ, ಬಿರುಕು ಮುಚ್ಚುವ ಪಿಯು (ಪಾಲಿಯುರೆಥೇನ್) ಸೀಲೆಂಟ್ ಕೂಡ ನೋಡಿದ್ದೇನೆ. ನಾಲ್ಕರಲ್ಲಿ ಜಾಸ್ತಿ ದುಡ್ಡು ಹೋದದ್ದು ಎಪಾಕ್ಸಿಗೆ, ಜಾಸ್ತಿ ತಲೆ ಕೆಟ್ಟದ್ದೂ ಅದರಿಂದಲೇ.

ನಮ್ಮ ಮನೆ ನಾಪೋಕ್ಲು ಕಡೆ. ಕಣ ಹಾಕಿಸಿದ್ದು ಅಪ್ಪನ ಕಾಲದಲ್ಲಿ. ನಾಲ್ಕು ಇಂಚಿನ ಕಾಂಕ್ರೀಟನ್ನು ನಡುವೆ ಒಂದೂ ಜಾಯಿಂಟ್ (ಹಿಗ್ಗಿ ಕುಗ್ಗಲೆಂದು ಬಿಡುವ ಗೀರು) ಇಲ್ಲದೆ ಒಂದೇ ಉದ್ದಕ್ಕೆ ಸುರಿದಿದ್ದಾರೆ. ಆಗ ಎಲ್ಲರ ಮನೆಯಲ್ಲೂ ಹಾಗೇ.

ಚಳಿಗಾಲಕ್ಕೆ ಕಾಂಕ್ರೀಟ್ ಯಾಕೆ ಒಡೆಯುತ್ತದೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಬರುವುದೆಲ್ಲ ಕೆನಡಾ, ಅಮೆರಿಕದ ವಿಡಿಯೊಗಳು. ಅಲ್ಲಿನ ಕಥೆಯೇ ಬೇರೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನಿಂತ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಅದು ಸುಮಾರು 9% ಹಿಗ್ಗುತ್ತದೆ. ಜಾಗ ಸಾಲದೆ ಒಳಗಿಂದಲೇ ಒಡೆಯುತ್ತದೆ. ಕರಗುತ್ತದೆ, ಇನ್ನಷ್ಟು ನೀರು ಒಳಗೆ ಹೋಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಹಿಮ ಕರಗಿಸಲು ಮೇಲೆ ಉಪ್ಪು ಬೇರೆ ಸುರಿಯುತ್ತಾರೆ. ಆಮೇಲೆ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದನ್ನು ತಡೆಯಲು ಅಲ್ಲಿ ಕಾಂಕ್ರೀಟ್ ಕಲೆಸುವಾಗಲೇ ಸಣ್ಣ ಸಣ್ಣ ಗಾಳಿಗುಳ್ಳೆ ಉಳಿಯುವಂಥ ರಾಸಾಯನಿಕ ಸೇರಿಸುತ್ತಾರೆ. ಹಿಗ್ಗಿದ ಮಂಜುಗಡ್ಡೆಗೆ ಜಾಗ ಸಿಗಲಿ ಅಂತ.

ಮಡಿಕೇರಿಯಲ್ಲಿ ಜನವರಿ ರಾತ್ರಿ ಎಷ್ಟೇ ನಡುಗಿದರೂ ಹತ್ತು-ಹನ್ನೆರಡು ಡಿಗ್ರಿಯ ಆಸುಪಾಸು. ಹೀಗಾಗಿ ‘ಹಿಮ ನಿರೋಧಕ’ ಅಂತ ಡಬ್ಬಿ ಮೇಲೆ ಬರೆದದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಇಲ್ಲಿ ನಿಜವಾದ ಪೆಟ್ಟು ಕೊಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಅಷ್ಟೂ ತಿಂಗಳು ಕಣ ನೆನೆದೇ ಇರುತ್ತದೆ. ಪಾಚಿ ಕಟ್ಟುತ್ತದೆ. ಮಳೆನೀರು ಸಿಮೆಂಟಿನ ಸುಣ್ಣದ ಅಂಶವನ್ನು ನಿಧಾನಕ್ಕೆ ತೊಳೆದುಕೊಂಡು ಹೋಗುತ್ತದೆ. ಬಿರುಕಿನಿಂದ ಇಳಿದ ನೀರು ಕೆಳಗಿನ ತುಂಬುಮಣ್ಣನ್ನು ಕೊರೆಯುತ್ತದೆ.

ಚಳಿಗಾಲ ಬಂದಾಗ ಆಗುವುದು ಬೇರೆ. ನೆನೆದ ಕಾಂಕ್ರೀಟ್ ಒಣಗಿ ಕುಗ್ಗುತ್ತದೆ. ಹಗಲು ಬಿಸಿಲಿಗೆ ಕಣ ಕಾಲಿಡಲು ಆಗದಷ್ಟು ಕಾಯುತ್ತದೆ, ಬೆಳಗಿನ ಜಾವಕ್ಕೆ ತಣ್ಣಗೆ ಕೊರೆಯುತ್ತದೆ. ಒಂದು ಮೀಟರ್ ಕಾಂಕ್ರೀಟ್ ಒಂದು ಡಿಗ್ರಿಗೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ, ಕುಗ್ಗುತ್ತದೆ. 10 ಮೀಟರ್ ಉದ್ದದ ಕಣ, ಹಗಲು-ರಾತ್ರಿಗೆ 25 ಡಿಗ್ರಿ ವ್ಯತ್ಯಾಸ ಅಂದರೆ ಎರಡೂವರೆ ಮಿಲಿಮೀಟರ್ ಆಯ್ತು. ಜಾಯಿಂಟ್ ಇಲ್ಲದ ಕಣ ಆ ಎರಡೂವರೆ ಮಿಲಿಮೀಟರನ್ನು ಎಲ್ಲಿಂದ ತರುತ್ತದೆ? ಮಳೆಗಾಲದಲ್ಲಿ ಕಾಣದ ಸೀಳು ಡಿಸೆಂಬರ್‌ನಲ್ಲಿ ಬಾಯಿ ಬಿಡುವುದು ಅದಕ್ಕೇ. ಬಿಟ್ಟ ಬಾಯಿಗೆ ಕಾಫಿ ಹಣ್ಣು ಸಿಕ್ಕಿಕೊಳ್ಳುತ್ತದೆ, ಅಲ್ಲೇ ಕೊಳೆಯುತ್ತದೆ. ಕೊಳೆತ ಹಣ್ಣಿನ ಹುಳಿ ರಸವೂ ಕಾಂಕ್ರೀಟನ್ನು ತಿನ್ನುತ್ತದೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಹರಿಯುವ ಜಾಗ ನೋಡಿ, ಸಿಮೆಂಟ್ ಹೋಗಿ ಬರೀ ಜಲ್ಲಿ, ಮರಳು ಕಾಣುತ್ತಿರುತ್ತದೆ.

ಬರೀ ಸಿಮೆಂಟ್ ಗಾರೆ: ಅಗ್ಗ, ಆದರೆ ಮುಂದಿನ ಮಳೆಗಾಲ ದಾಟುವುದಿಲ್ಲ. ಹಳೆ ಕಾಂಕ್ರೀಟಿಗೆ ಹೊಸ ಗಾರೆ ಸರಿಯಾಗಿ ಹಿಡಿಯುವುದಿಲ್ಲ, ಅಂಚಿನಲ್ಲಿ ತೆಳ್ಳಗಾದ ಕಡೆ ಮೊದಲು ಏಳುತ್ತದೆ. ಇನ್ನೊಂದು ತೊಂದರೆ ನೀರುಣಿಸುವುದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್. ಅಂಥ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ಬೇಕು ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಚಳಿಯಲ್ಲಿ ಗಟ್ಟಿಯಾಗುವುದೂ ನಿಧಾನ. ಕುಯ್ಲು ಶುರುವಾದ ಮೇಲೆ ಕಣವನ್ನು ಹತ್ತು ದಿನ ಒದ್ದೆ ಇಟ್ಟು ಕೂರುವವರು ಯಾರು?

ಇನ್ನು ಎಪಾಕ್ಸಿ. ಇದನ್ನು ಕೊಡಿಸಿದ್ದು ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿ. ‘ಒಮ್ಮೆ ಹಾಕಿ, ಮರೆತುಬಿಡಿ’ ಅಂದಿದ್ದರು. ಎರಡು ಡಬ್ಬಿ, ಒಂದು ರಾಳ, ಇನ್ನೊಂದು ಗಟ್ಟಿಯಾಗಿಸುವುದು. ಅಳತೆ ಸರಿಯಾಗಿ ಬೆರೆಸಿ ಬಿರುಕಿಗೆ ತುಂಬಬೇಕು. ವಸ್ತು ಕೆಟ್ಟದ್ದಲ್ಲ. ಗಟ್ಟಿಯಾದ ಮೇಲೆ ಅದರ ಹಿಡಿತ ಕಾಂಕ್ರೀಟಿಗಿಂತ ಜೋರು. ತೊಂದರೆ ಇರುವುದು ಇಬ್ಬನಿಯಲ್ಲಿ.

ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಕಣದ ಮೇಲೆ ನಡೆದರೆ ಪಾದದ ಗುರುತು ಬೀಳುತ್ತದೆ, ಅಷ್ಟು ಇಬ್ಬನಿ. ಬಿಸಿಲು ಬಿದ್ದು ಮೇಲೆ ಒಣಗಲು ಹತ್ತು ಹತ್ತೂವರೆ ಆಗುತ್ತದೆ. ಮರದ ನೆರಳಿದ್ದರೆ ಇನ್ನೂ ತಡ. ಅದು ಮೇಲಿನ ಮಾತು. ಬಿರುಕಿನ ಒಳಗೋಡೆ ಒಣಗುವುದೇ ಇಲ್ಲ, ಯಾಕೆಂದರೆ ಕೆಳಗಿನ ಮಣ್ಣು ನಾಲ್ಕು ತಿಂಗಳ ಮಳೆ ಕುಡಿದಿದೆ, ಆ ತೇವ ಮೇಲೆ ಬರುತ್ತಲೇ ಇರುತ್ತದೆ. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್ ಹಾಕಿ ಕಣಕ್ಕೆ ಅಂಟಿಸಿ, ಸಂಜೆಯಿಂದ ಮಾರನೆ ದಿನ ಮಧ್ಯಾಹ್ನದವರೆಗೆ ಬಿಡಿ. ನಮ್ಮಲ್ಲಿ ಹಾಳೆಯ ಒಳಬದಿಗೆ ಹನಿ ಕಟ್ಟಿತ್ತು. ಸಾಮಾನ್ಯ ಎಪಾಕ್ಸಿಗೆ ಒಣ ಕಾಂಕ್ರೀಟ್ ಬೇಕು. ಒದ್ದೆ ಗೋಡೆಗೆ ಅದು ಅಂಟುವುದಿಲ್ಲ, ನೀರಿನ ಪದರದ ಮೇಲೆ ಸುಮ್ನೆ ಗಟ್ಟಿಯಾಗಿ ಕೂರುತ್ತದೆ. ಒದ್ದೆಯಲ್ಲೂ ಹಿಡಿಯುವ ಎಪಾಕ್ಸಿ ಬೇರೆ ಸಿಗುತ್ತದೆ, ಅದರ ಬೆಲೆ ಕೇಳಿ ನಾನು ವಾಪಸ್ ಬಂದೆ.

ಚಳಿಯಿಂದ ಇನ್ನೂ ಎರಡು ಕಾಟ. ಡಬ್ಬಿಯೊಳಗಿನ ರಾಳ ದಪ್ಪವಾಗಿ ಸಣ್ಣ ಬಿರುಕಿಗೆ ಇಳಿಯುವುದಿಲ್ಲ. ಡಬ್ಬಿಯನ್ನು ಬಿಸಿಲಿಗೆ ಇಟ್ಟು ತೆಳ್ಳಗೆ ಮಾಡಿಕೊಂಡರೆ, ಬೆರೆಸಿದ ಮೇಲೆ ಬೇಗ ಗಟ್ಟಿಯಾಗಲು ಶುರುಮಾಡುತ್ತದೆ. ಸಂಜೆ ಹಾಕಿದ್ದರ ಮೇಲೆ ಬೆಳಗ್ಗೆ ಮಂಕಾದ, ಮೇಣದಂಥ ಜಿಗುಟು ಪೊರೆ ಬಂದಿರುತ್ತದೆ. ತಂಪು, ತೇವ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಗಟ್ಟಿಯಾಗಿಸುವ ದ್ರವದ ಜೊತೆ ಆಗುವ ಕೆಲಸ ಅದು. ಆ ಪೊರೆಯನ್ನು ತೊಳೆದು ಉಜ್ಜದೆ ಮೇಲೆ ಇನ್ನೊಂದು ಪದರ ಹಾಕಿದರೆ ಅದೂ ಎದ್ದು ಬರುತ್ತದೆ. ಆ ಪೊರೆ, ಆ ವಾಸನೆ ಇರುವ ಕಣದಲ್ಲಿ ಕಾಫಿ ಹರಡಲು ನನಗೆ ಮನಸ್ಸೇ ಬರಲಿಲ್ಲ. ಕಾಫಿ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರುತ್ತದೆ, ಅದು ಬೆಳೆಗಾರರಿಗೆಲ್ಲ ಗೊತ್ತು.

ಒಣ ಜಾಗದಲ್ಲಿ ಸರಿಯಾಗಿ ಕೂತ ಕಡೆಯೂ ಮುಂದಿನ ಚಳಿಗಾಲಕ್ಕೆ ಪಕ್ಕದಲ್ಲೇ ಹೊಸ ಕೂದಲೆಳೆ ಬಿರುಕು. ಎಪಾಕ್ಸಿ ಬಗ್ಗುವುದಿಲ್ಲ. ಕಣ ಕುಗ್ಗಲೇಬೇಕಲ್ವಾ, ಎಪಾಕ್ಸಿ ಬಿಡದಿದ್ದರೆ ಪಕ್ಕದ ಕಾಂಕ್ರೀಟ್ ಬಿಡುತ್ತದೆ. ಬಿಸಿಲಿಗೆ ಬಣ್ಣ ಹಳದಿಯಾಗಿದ್ದು ದೊಡ್ಡ ವಿಷಯವಲ್ಲ, ಬಿಡಿ.

ಎಪಾಕ್ಸಿಗೂ ಜಾಗ ಇದೆ. ಮೇಲೆ ಶೀಟ್ ಇರುವ, ಕೆಳಗೆ ತೇವ ಇಲ್ಲದ, ಹುಳಿ ನೀರು ಬೀಳುವ ಪಲ್ಪರ್ ಕಟ್ಟೆಗೆ ಅದೇ ಒಳ್ಳೆಯದು. ಹುಳಿಯನ್ನು ಸಿಮೆಂಟಿಗಿಂತ ಚೆನ್ನಾಗಿ ತಡೆಯುತ್ತದೆ. ಮನೆಯ ತೊಲೆ, ಕಂಬದ ಬಿರುಕಾದರೆ ಅದು ಇಂಜಿನಿಯರ್ ನೋಡಬೇಕಾದ ವಿಷಯ.

ಪಿಯು ಸೀಲೆಂಟ್ ರಬ್ಬರಿನ ಥರ ಹಿಗ್ಗಿ ಕುಗ್ಗುತ್ತದೆ, ಅದೇ ಅದರ ದೊಡ್ಡ ಗುಣ. ಚಲಿಸುವ ಬಿರುಕಿಗೆ ಪುಸ್ತಕದ ಪ್ರಕಾರ ಸರಿಯಾದ ಮದ್ದು ಇದೇ. ಆದರೆ ಬಿರುಕನ್ನು ಕಟಿಂಗ್ ಮೆಷಿನ್‌ನಲ್ಲಿ ಅಗಲ ಮಾಡಬೇಕು, ಒಳಗೆ ಫೋಮ್ ಹಗ್ಗ ತುಂಬಬೇಕು, ಬದಿಗೆ ಪ್ರೈಮರ್ ಹಚ್ಚಬೇಕು, ಆಮೇಲೆ ಗನ್‌ನಲ್ಲಿ ಹಾಕಬೇಕು. ಬಿಸಿಲು ಏರುವ ಹೊತ್ತಿನಲ್ಲಿ ಹಾಕಿದರೆ ಕೆಳಗಿನ ತೇವ, ಗಾಳಿ ಮೇಲೆದ್ದು ಗುಳ್ಳೆ ಬರುತ್ತದೆ. ಮಧ್ಯಾಹ್ನದ ನಂತರ ಕಣ ತಣ್ಣಗಾಗುವಾಗ ಹಾಕಿ. ನನ್ನ ದೂರು ಒಂದೇ. ಕಾಫಿ ಎಳೆಯುವ ಹಲಗೆ ದಿನಕ್ಕೆ ಹತ್ತಾರು ಸಲ ಅದರ ಮೇಲೆ ಹೋಗುತ್ತದೆ, ಅಂಚು ಏಳುತ್ತದೆ. ಎದ್ದ ಅಂಚನ್ನು ನಾಯಿ ಕಿತ್ತು ಆಡುತ್ತದೆ. ಟೆರೇಸ್‌ಗೆ, ಪೋರ್ಟಿಕೊಗೆ ಕಣ್ಣು ಮುಚ್ಚಿ ಹಾಕಿ. ಕಣದಲ್ಲಿ ಒಂದೆರಡು ಉದ್ದನೆಯ ಸೀಳಿಗೆ ಮಾತ್ರ ಸಾಕು.

ಈಗ ನನ್ನ ಲೇಟೆಕ್ಸ್ ಗಾರೆ. ಲೇಟೆಕ್ಸ್ ಅಂದರೆ ಬೆಳ್ಳಗಿನ ದ್ರವ, ಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ಲೀಟರಿಗೆ ಹೆಚ್ಚುಕಮ್ಮಿ ಒಂದು ಚೀಲ ಸಿಮೆಂಟಿನ ದುಡ್ಡು. ಇದು ನನಗೆ ಹಿಡಿಸಲು ಮೊದಲ ಕಾರಣ, ಇದಕ್ಕೆ ಒದ್ದೆ ಕಂಡರೆ ಆಗದು ಅಂತಿಲ್ಲ. ಹಾಕುವ ಮೊದಲು ಹಳೆ ಕಾಂಕ್ರೀಟನ್ನು ನಾವೇ ನೀರು ಕುಡಿಸಿ ನೆನೆಸಬೇಕು, ಮೇಲೆ ನಿಂತ ನೀರು ಮಾತ್ರ ಇರಬಾರದು. ಎಪಾಕ್ಸಿಗೆ ಶತ್ರುವಾದ ಇಬ್ಬನಿ ಇಲ್ಲಿ ಅರ್ಧ ಕೆಲಸ ಮಾಡಿಕೊಡುತ್ತದೆ. ಬೆಳಗ್ಗೆ ಒಂಬತ್ತಕ್ಕೇ ಶುರು ಮಾಡಬಹುದು.

ಮಾಡುವ ರೀತಿ ಹೀಗೆ. ಪಾಚಿಯನ್ನು ತಂತಿ ಬ್ರಷ್‌ನಲ್ಲಿ ಪೂರ್ತಿ ಕೆರೆಯಿರಿ, ಪಾಚಿ ಮೇಲೆ ಯಾವ ಗಾರೆಯೂ ನಿಲ್ಲುವುದಿಲ್ಲ. ಕಿತ್ತುಹೋದ ಜಾಗದ ಅಂಚನ್ನು ನೆಟ್ಟಗೆ, ಅರ್ಧ ಇಂಚು ಆಳಕ್ಕೆ ಕತ್ತರಿಸಿ. ಲೇಟೆಕ್ಸ್, ನೀರು ಸಮ ಬೆರೆಸಿ ಅದರಲ್ಲಿ ಸಿಮೆಂಟ್ ಕಲಕಿ ಬ್ರಷ್‌ನಲ್ಲಿ ತಿಕ್ಕಿ ಹಚ್ಚಿ. ಮುಟ್ಟಿದರೆ ಹಲಸಿನ ಮೇಣದ ಹಾಗೆ ಅಂಟಬೇಕು, ಆ ಹೊತ್ತಿಗೇ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳಿಗೆ ಲೇಟೆಕ್ಸ್ ಬೆರೆಸಿ ಕಲೆಸಿದ ಗಾರೆ ಹಾಕಿ ಒತ್ತಬೇಕು. ಹಚ್ಚಿದ್ದು ಒಣಗಿದರೆ ಕೆಲಸ ಕೆಟ್ಟಿತು. ಒಣಗಿದ ಲೇಟೆಕ್ಸ್ ಪೊರೆ ಗಾರೆಯನ್ನು ಹಿಡಿಯುವ ಬದಲು ಬೇರೆ ಮಾಡುತ್ತದೆ. ಹೀಗಾಗಿ ಒಂದು ಸಲಕ್ಕೆ ಒಂದು ಚಾಪೆಯಗಲ ಮಾತ್ರ.

ಮೇಸ್ತ್ರಿಗಳ ಜೊತೆ ಜಗಳ ಆಗುವುದು ನೀರಿನ ವಿಷಯಕ್ಕೆ. ಲೇಟೆಕ್ಸ್ ಹಾಕಿದ ಗಾರೆಗೆ ಮಾಮೂಲಿಗಿಂತ ಕಮ್ಮಿ ನೀರು ಸಾಕು, ಕಲೆಸುತ್ತಾ ಹೋದಂತೆ ಅದೇ ಮೆತ್ತಗಾಗುತ್ತದೆ. ಮೇಸ್ತ್ರಿಗೆ ಅಷ್ಟು ತಾಳ್ಮೆ ಇಲ್ಲ, ನೋಡಿದ ಕೂಡಲೇ ಒಂದು ಚೊಂಬು ಸುರಿಯುತ್ತಾರೆ. ನಮ್ಮಲ್ಲಿ ನಾನೇ ನೀರಿನ ಬಕೆಟ್ ಹಿಡಿದು ನಿಂತೆ.

ಹಾಕಿದ ಮೇಲೆ ಒಂದು ದಿನ ಒದ್ದೆ ಗೋಣಿ ಮುಚ್ಚಿದರೆ ಸಾಕು. ಆಮೇಲೆ ಒಣಗಲು ಬಿಡಬೇಕು, ಒಣಗಿದರೇ ಲೇಟೆಕ್ಸ್ ಒಳಗೆ ಪೊರೆ ಕಟ್ಟುವುದು. ನಾನು ಒಂದು ವಾರ ಕಾದು ಕಾಫಿ ಹರಡುತ್ತೇನೆ. ಮಳೆಗಾಲ ಕಳೆದರೂ ತೇಪೆಗಳು ಕೂತಲ್ಲೇ ಇವೆ. ಉದ್ದನೆಯ ಸೀಳಿನ ಮೇಲೆ ಹಾಕಿದ್ದು ಮಾತ್ರ ಕೂದಲೆಳೆಯಷ್ಟು ಮತ್ತೆ ಬಿಟ್ಟಿತು. ಅದು ಲೇಟೆಕ್ಸಿನ ತಪ್ಪಲ್ಲ, ಜಾಯಿಂಟ್ ಇಲ್ಲದ ಕಣದ್ದು. ನಾಲ್ಕು ಇಂಚಿನ ಕಾಂಕ್ರೀಟಿಗೆ ಎಂಟರಿಂದ ಹತ್ತು ಅಡಿಗೊಂದು ಜಾಯಿಂಟ್, ದಪ್ಪದ ಕಾಲು ಭಾಗ ಆಳಕ್ಕೆ ಬೇಕು. ಹಳೆ ಕಣದಲ್ಲೂ ಸೀಳು ಓಡಿದ ಕಡೆ ನೆಟ್ಟಗೆ ಕತ್ತರಿಸಿ ಪಿಯು ತುಂಬಬಹುದು. ನಾನು ಹಾಗೇ ಮಾಡಿಸಿದೆ.

ಸನ್‌ಶೇಡ್ ಅಡಿಯಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೂ ಇದೇ ಗಾರೆ ನಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ, ಅದಕ್ಕೇ ಚಕ್ಕೆ ಬೀಳುವುದು. ಕಂಬಿಯ ಹಿಂಬದಿಯವರೆಗೆ ಕೆತ್ತಿ, ತುಕ್ಕು ಪೂರ್ತಿ ಉಜ್ಜಿ, ಜಿಂಕ್ ಪ್ರೈಮರ್ ಬಳಿದು, ಗಾರೆಯನ್ನು ತೆಳು ತೆಳು ಪದರವಾಗಿ ಕಟ್ಟಬೇಕು. ಮೇಲೆ ಸುಮ್ನೆ ಬಳಿದರೆ ಒಳಗೆ ತುಕ್ಕು ನಡೆಯುತ್ತಲೇ ಇರುತ್ತದೆ.

ಕುಶಾಲನಗರದ ಕಡೆಯವರಿಗೆ ಮಳೆ ನಮಗಿಂತ ತುಂಬಾ ಕಮ್ಮಿ, ಮಣ್ಣೂ ಬೇಗ ಒಣಗುತ್ತದೆ. ಅಲ್ಲಿ ಎಪಾಕ್ಸಿ ನಡೆದರೂ ನಡೆಯಬಹುದು. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಸುತ್ತಮುತ್ತ ಇರುವವರು ಆ ದುಡ್ಡಿನಲ್ಲಿ ಲೇಟೆಕ್ಸ್ ತಂದು, ಉಳಿದದ್ದರಲ್ಲಿ ಕಟಿಂಗ್ ಮೆಷಿನ್ ಬಾಡಿಗೆ ಕೊಡಿ. ಅರೇಬಿಕಾ ಕಾಫಿ ಮೊದಲು ಕುಯ್ಲಿಗೆ ಬರುತ್ತದೆ, ಹಾಗಾಗಿ ಅದು ಇರುವವರು ತುಲಾ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದು ಮಳೆ ಬಿಟ್ಟ ಕೂಡಲೇ ಶುರು ಮಾಡಬೇಕು. ತಡವಾಗಿ ಹಣ್ಣಾಗುವ ರೋಬಸ್ಟಾ ಮಾತ್ರ ಇರುವವರಿಗೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ (ನವೆಂಬರ್ ಕೊನೆ, ಡಿಸೆಂಬರ್) ಮುಗಿದ ಮೇಲೂ ಸ್ವಲ್ಪ ಸಮಯ ಸಿಗುತ್ತದೆ.