ಹದಿನಾಲ್ಕು ತಿಂಗಳು ಥರ್ಮಲ್ ಕುಕ್ಕರಿನಲ್ಲಿ ಕುಚ್ಚಲಕ್ಕಿ ಬೇಯಿಸಿದ ಮೇಲೆ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ಹೋಗಿ ಅದೇ ವಿಮಾನದಲ್ಲಿ ಮರಳುವ ಡ್ಯೂಟಿಯಿದ್ದ ದಿನ ನಾನು ಮನೆಯಿಂದ ಹೊರಗಿರುವುದು ಹತ್ತು, ಹನ್ನೊಂದು ಗಂಟೆ. ಹಾರಾಟಕ್ಕೆ ಮೊದಲಿನ ಬ್ರೀಫಿಂಗ್, ಹೋಗಲು ಮೂರೂವರೆ ಗಂಟೆಗೂ ಮೇಲೆ, ಅಲ್ಲಿ ಒಂದು ಗಂಟೆ, ಮತ್ತೆ ಅಷ್ಟೇ ಹೊತ್ತು ಹಿಂದಕ್ಕೆ. ಇಷ್ಟು ಹೊತ್ತು ನೂರಾರು ಜನರಿಗೆ ಊಟದ ಟ್ರೇ ಕೊಟ್ಟು, ಎತ್ತಿಟ್ಟು, ಕಾವೂರಿನ ಮನೆಗೆ ಬಂದು ಯೂನಿಫಾರ್ಮ್ ಬಿಚ್ಚಿದ ಮೇಲೆ ನನಗೆ ಬೇಕಾಗುವುದು ಬಿಸಿ ಕುಚ್ಚಲಕ್ಕಿ ಗಂಜಿ, ಒಂದು ಮಿಡಿ ಉಪ್ಪಿನಕಾಯಿ, ಇದ್ದರೆ ಸ್ವಲ್ಪ ಒಣ ಸಿಗಡಿ ಚಟ್ನಿ. ಬೇರೆ ಯಾವ ಊಟವೂ ಆ ಹೊತ್ತಿಗೆ ಸೇರುವುದಿಲ್ಲ. ಆದರೆ ಗಂಜಿ ಬೇಯುವವರೆಗೆ ಒಲೆಯ ಮುಂದೆ ಮುಕ್ಕಾಲು ಗಂಟೆ ನಿಲ್ಲುವ ಶಕ್ತಿ ನನ್ನಲ್ಲಿ ಉಳಿದಿರುವುದಿಲ್ಲ, ಮೊಣಕಾಲು ನೋವಿರುವ ಅಮ್ಮನನ್ನು ನಿಲ್ಲಿಸಲು ಮನಸ್ಸೂ ಬರುವುದಿಲ್ಲ. ಈ ಕಾರಣಕ್ಕೆ ಕಳೆದ ವರ್ಷ ರಥಬೀದಿಯ ಒಂದು ಪಾತ್ರೆ ಅಂಗಡಿಯಲ್ಲಿ ಒಂದು ಕೆ.ಜಿ. ಅಳತೆಯ ಥರ್ಮಲ್ ರೈಸ್ ಕುಕ್ಕರನ್ನು ಒಂದೂವರೆ ಸಾವಿರ ರೂಪಾಯಿಗೆ ಸ್ವಲ್ಪ ಮೇಲಿನ ಬೆಲೆಗೆ ಕೊಂಡೆ. ಕೇರಳದ ಮನೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಈ ಪಾತ್ರೆ ನಮ್ಮ ಕಡೆಯ ಅಡುಗೆಮನೆಗಳಿಗೂ ಬಂದಿದೆ.

ಇದಕ್ಕೆ ಕರೆಂಟು ಬೇಡ. ಒಳಗೊಂದು ಸ್ಟೀಲ್ ಪಾತ್ರೆ, ಹೊರಗೆ ಎರಡು ಪದರಗಳ ನಡುವೆ ಫೋಮ್ ತುಂಬಿದ ಡಬ್ಬ, ಅದಕ್ಕೆ ಅಷ್ಟೇ ದಪ್ಪದ ಮುಚ್ಚಳ. ಅಕ್ಕಿ ತೊಳೆದು, ಒಳಪಾತ್ರೆಯಲ್ಲಿ ನೀರಿಟ್ಟು, ಗ್ಯಾಸಿನ ಮೇಲೆ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಹಾಗೆಯೇ ಎತ್ತಿ ಡಬ್ಬದೊಳಗೆ ಇಟ್ಟು ಮುಚ್ಚಿದರೆ ಉಳಿದ ಬೇಯುವ ಕೆಲಸವನ್ನು ಆ ಬಿಸಿಯೇ ಮಾಡುತ್ತದೆ. ಅನ್ನವೇ ಬೇಕಿದ್ದರೆ ಒಂದೂವರೆ ಗಂಟೆಗೆ ತೆಗೆದು ಬಸಿಯಬೇಕು. ಗಂಜಿ ಬೇಕಿದ್ದರೆ ತೆಗೆಯುವ ಅವಸರವಿಲ್ಲ.

ಈ ಪಾತ್ರೆಯನ್ನು ಕುಚ್ಚಲಕ್ಕಿಯಿಂದಲೇ ಅಳೆಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬೆಳ್ತಿಗೆ ಅಕ್ಕಿ ಯಾವ ಪಾತ್ರೆಯಲ್ಲಿಟ್ಟರೂ ಬೇಯುತ್ತದೆ. ಕುಚ್ಚಲಕ್ಕಿಯಾದರೋ ಭತ್ತವಾಗಿರುವಾಗಲೇ ನೆನೆದು, ಬೆಂದು, ಒಣಗಿ, ಆಮೇಲೆ ಮಿಲ್ಲಿಗೆ ಹೋದದ್ದು. ಅದರೊಳಗಿನ ಪಿಷ್ಟ ಒಮ್ಮೆ ಬೆಂದು ಮತ್ತೆ ಬಿಗಿದುಕೊಂಡಿರುವುದರಿಂದ ಅಗುಳಿನ ನಡುಭಾಗಕ್ಕೆ ನೀರು ಇಳಿಯಲು ಹೊತ್ತು ಬೇಕು. ಪ್ರೆಷರ್ ಕುಕ್ಕರಿನಲ್ಲಿ ಅವಸರ ಮಾಡಿದರೆ ಅಗುಳು ಒಡೆಯುತ್ತದೆ, ತಿಳಿ ಉಕ್ಕಿ ವಿಸಿಲಿನ ಬಾಯಿಯಿಂದ ಒಲೆಯ ಮೇಲೆಲ್ಲ ಸುರಿಯುತ್ತದೆ. ಥರ್ಮಲ್ ಕುಕ್ಕರಿನಲ್ಲಿ ಬೆಂದ ಎಂ.ಒ.4 ಎಂಬ ತಳಿಯ ಭತ್ತದ ಅಕ್ಕಿಯ ಅಗುಳನ್ನು ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿದ್ದೇನೆ: ಮೇಲ್ಮೈ ಒಡೆದಿರುವುದಿಲ್ಲ, ಒಳಗೆ ಬಿಳಿಯ ಗಟ್ಟಿ ಚುಕ್ಕೆ ಉಳಿದಿರುವುದಿಲ್ಲ, ತಿಳಿ ತೆಳ್ಳಗೆ ನಸುಗೆಂಪಾಗಿ ಬೇರೆಯೇ ನಿಂತಿರುತ್ತದೆ. ಅಜ್ಜಿಯ ಮನೆಯ ಕಟ್ಟಿಗೆ ಒಲೆಯಲ್ಲಿ, ಕೆಂಡದ ಮೇಲೆ ನಿಧಾನವಾಗಿ ಬೆಂದ ಗಂಜಿಗೆ ಇದ್ದ ಹದ ನನಗೆ ಈ ಡಬ್ಬದಲ್ಲಿ ಮರಳಿ ಸಿಕ್ಕಿತು. ಹಳೆಯ ಅಕ್ಕಿಗೆ ಇಪ್ಪತ್ತು ನಿಮಿಷದ ಕುದಿ ಬೇಕೇ ಬೇಕು. ಹೊಸ ಅಕ್ಕಿ ಬೇಗ ಮೆತ್ತಗಾಗುವುದರಿಂದ ಹನ್ನೆರಡು ನಿಮಿಷ ಸಾಕು.

ಒಂದು ವಿಷಯವನ್ನು ಅಂಗಡಿಯವರೂ ಹೇಳಲಿಲ್ಲ, ಜೊತೆಗೆ ಕೊಟ್ಟ ಪುಸ್ತಿಕೆಯಲ್ಲೂ ಇರಲಿಲ್ಲ. ಬಿಸಿಯನ್ನು ಹಿಡಿದಿಡುವುದು ಅಕ್ಕಿಗಿಂತ ಹೆಚ್ಚಾಗಿ ನೀರು. ಮೊದಲ ವಾರ ನಮ್ಮಿಬ್ಬರಿಗೆ ಸಾಕೆಂದು ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಹಾಕಿದ್ದೆ. ಪಾತ್ರೆಯ ಬಹುಭಾಗ ಖಾಲಿ ಉಳಿದು, ಮೂರು ಗಂಟೆಯ ನಂತರ ತೆರೆದರೆ ಅಕ್ಕಿ ಅರೆಬೆಂದು ಗೊರಟಿನಂತಿತ್ತು. ಈಗ ಅಕ್ಕಿ ಎಷ್ಟೇ ಇರಲಿ, ಮುಕ್ಕಾಲು ಪಾತ್ರೆ ತುಂಬುವಷ್ಟು ನೀರಿಡುತ್ತೇನೆ. ಹಾಗೆ ತುಂಬಿಟ್ಟ ದಿನ ಅಡುಗೆಯ ಥರ್ಮಾಮೀಟರ್ ಇಳಿಬಿಟ್ಟು ನೋಡಿದಾಗ ಆರು ಗಂಟೆಯ ನಂತರ 72 ಡಿಗ್ರಿ, ಹತ್ತು ಗಂಟೆಯ ನಂತರ 63 ಡಿಗ್ರಿ ಸೆಲ್ಸಿಯಸ್ ಬಿಸಿಯಿತ್ತು. ಅಂದರೆ ನಾನು ಹೊರಡುವಾಗ ಮುಚ್ಚಿಟ್ಟ ಗಂಜಿಯನ್ನು ಮರಳಿ ಬಂದು ಹಾಗೆಯೇ ಬಟ್ಟಲಿಗೆ ಬಡಿಸಿಕೊಳ್ಳಬಹುದು. ನಡುವೆ ಮುಚ್ಚಳ ತೆರೆದರೆ ಈ ಲೆಕ್ಕ ಕೆಡುತ್ತದೆ.

ನೀರಿನ ಕುದಿಯ ಬಗ್ಗೆ ನನ್ನ ಕೆಲಸ ಕಲಿಸಿದ್ದೂ ಇಲ್ಲಿ ಉಪಯೋಗಕ್ಕೆ ಬಂತು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ಆದುದರಿಂದ ಅಲ್ಲಿ ನೀರು 92, 93 ಡಿಗ್ರಿಗೇ ಕುದಿಯುತ್ತದೆ, ಚಹಾ ಗಟ್ಟಿಯಾಗಿ ಇಳಿಯುವುದಿಲ್ಲ. ಸಮುದ್ರಮಟ್ಟದ ಮಂಗಳೂರಿನಲ್ಲಿ ಕುದಿಯುವ ನೀರಿಗೆ ಪೂರ್ತಿ ನೂರು ಡಿಗ್ರಿ ಬಿಸಿಯಿದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 97ರ ಆಸುಪಾಸು, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಇದೇ ಪಾತ್ರೆಯನ್ನು ಬೆಂಗಳೂರಿಗೆ ಒಯ್ದ ನನ್ನ ತಂಗಿ ಅನ್ನ ಬೇಯುವುದಿಲ್ಲವೆಂದು ದೂರಿದಾಗ ಕುದಿಸುವ ಹೊತ್ತನ್ನು ಅರ್ಧ ಗಂಟೆಗೆ ಏರಿಸಲು ಹೇಳಿದೆ. ಆಮೇಲೆ ಅವಳಿಂದ ದೂರು ಬಂದಿಲ್ಲ.

ಹೋದ ಜುಲೈಯ ಒಂದು ಘಟನೆಯನ್ನು ಬರೆಯದೆ ಈ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಅಮ್ಮ ಪುತ್ತೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದರು. ನಾನು ಎಂದಿನಂತೆ ಅಕ್ಕಿ ಕುದಿಸಿ ಡಬ್ಬದಲ್ಲಿಟ್ಟು ಹೊರಟಿದ್ದೆ. ಮರಳುವಾಗ ಮಳೆಮೋಡ ಕೆಂಜಾರಿನ ಗುಡ್ಡಕ್ಕೆ ಕವಿದು ರನ್‌ವೇ ಕಾಣಿಸದೆ, ವಿಮಾನವನ್ನು ಕೊಚ್ಚಿಗೆ ತಿರುಗಿಸಿದರು. 2010ರ ಮೇ 22ರಂದು ಇದೇ ನಿಲ್ದಾಣದ ವಿಮಾನ ದುರಂತದಲ್ಲಿ 158 ಜೀವಗಳನ್ನು ಕಳೆದುಕೊಂಡ ಊರಿನ ಪ್ರಯಾಣಿಕರು ಇಂಥ ತೀರ್ಮಾನಕ್ಕೆ ಸಿಟ್ಟಾಗುವುದಿಲ್ಲ. ಅಂದು ಕೂಡ ಒಬ್ಬ ಅಜ್ಜ ನನ್ನ ಕೈ ಮುಟ್ಟಿ, "ಬೇಗ ಹೋಗಿ ಏನಾಗಬೇಕು ಮಗಾ, ಸರಿಯಾಗಿ ಇಳಿದರೆ ಸಾಕು" ಎಂದರು. ನಮ್ಮ ಡ್ಯೂಟಿಯ ಅವಧಿ ಮುಗಿದ ಕಾರಣ ಆ ರಾತ್ರಿ ಕೊಚ್ಚಿಯಲ್ಲೇ ಉಳಿದೆವು. ನಾನು ಮನೆಯ ಬಾಗಿಲು ತೆರೆದಾಗ ಅಕ್ಕಿಯಿಟ್ಟು ಮೂವತ್ತು ಗಂಟೆಯಾಗಿತ್ತು. ಮುಚ್ಚಳ ಎತ್ತಿದೊಡನೆ ಹುಳಿ ವಾಸನೆ ಬಂತು, ಸೌಟು ಎತ್ತಿದರೆ ಗಂಜಿ ನೂಲಿನಂತೆ ಎಳೆಯುತ್ತಿತ್ತು.

ತಂಗಳನ್ನ ತಿಂದು ಬೆಳೆದ ನಾವು ಇಂಥದ್ದನ್ನು ಮತ್ತೊಮ್ಮೆ ಕುದಿಸಿದರಾಯಿತು ಎಂದುಕೊಳ್ಳುತ್ತೇವೆ. ಖಂಡಿತ ಹಾಗೆ ಮಾಡಬಾರದು. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯುತ್ತವೆ. ಬಿಸಿ 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗಾದಾಗ ಅವು ಮೊಳೆತು ಹೆಚ್ಚುತ್ತವೆ, ಆಗ ಹುಟ್ಟುವ ವಾಂತಿ ತರಿಸುವ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುವ ಈ ಡಬ್ಬ ಹತ್ತು ಗಂಟೆ ಅನ್ನವನ್ನು ಕಾಪಾಡುತ್ತದೆ, ಅದರಾಚೆಗೆ ಅದೇ ಗುಣದಿಂದಾಗಿ ಅನ್ನವನ್ನು ಕೆಡಿಸುತ್ತದೆ. ಆ ಗಂಜಿಯನ್ನು ತೆಂಗಿನ ಬುಡಕ್ಕೆ ಸುರಿದೆ. ಅಂದಿನಿಂದ ಮಳೆಗಾಲದಲ್ಲಿ ಅಮ್ಮ ಮನೆಯಲ್ಲಿಲ್ಲದಿದ್ದರೆ ಕುಕ್ಕರಿನಲ್ಲಿ ಅಕ್ಕಿಯಿಡುವುದನ್ನು ನಿಲ್ಲಿಸಿದ್ದೇನೆ.

ಪಾತ್ರೆಯಲ್ಲಿ ದೋಷಗಳೂ ಇವೆ. ಹೊರಡಬ್ಬದ ಬುಡದ ಅಂಚಿನಲ್ಲಿ ಎಂಟನೆಯ ತಿಂಗಳಿಗೇ ತುಕ್ಕಿನ ಚುಕ್ಕೆಗಳು ಕಾಣಿಸಿದವು. ಉಪ್ಪುಗಾಳಿಯ ಊರಿನಲ್ಲಿ ಮಾರುವ ಪಾತ್ರೆಗೆ ಇದು ಸಣ್ಣ ಕೊರತೆಯಲ್ಲ. ಪುಸ್ತಿಕೆ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇದೆ. ನನಗೆ ಹೆಚ್ಚು ನೋವಾದದ್ದು ಬಸಿಯುವ ವಿಷಯದಲ್ಲಿ: ತೂತುಗಳಿರುವ ಮುಚ್ಚಳವನ್ನು ಒಳಪಾತ್ರೆಗೆ ಬಿಗಿಯುವ ಕೊಂಡಿ ಸಡಿಲವಾಗಿದ್ದು, ತುಂಬಿದ ಪಾತ್ರೆಯನ್ನು ಓರೆಮಾಡುವಾಗ ಒಮ್ಮೆ ಜಾರಿ ಕುದಿತಿಳಿ ಅಮ್ಮನ ಮುಂಗೈಗೆ ಬಿತ್ತು. ವಯಸ್ಸಾದವರೇ ಹೆಚ್ಚಾಗಿ ಬಳಸುವ ಪಾತ್ರೆಯಲ್ಲಿ ಆ ಕೊಂಡಿಯನ್ನು ಇಷ್ಟು ಅಲಕ್ಷ್ಯದಿಂದ ಮಾಡಬಾರದಿತ್ತು. ಈಗ ಅಮ್ಮ ಪಾತ್ರೆ ಎತ್ತುವುದಿಲ್ಲ. ತೂತಿನ ಸೌಟಿನಲ್ಲಿ ಅನ್ನವನ್ನು ತೆಗೆದು ಬುಟ್ಟಿಗೆ ಹಾಕುತ್ತಾರೆ, ತಿಳಿ ಪಾತ್ರೆಯಲ್ಲೇ ಉಳಿಯುತ್ತದೆ.

ಗ್ಯಾಸ್ ಸಿಲಿಂಡರ್ ಮೊದಲಿಗಿಂತ ಹನ್ನೆರಡು, ಹದಿಮೂರು ದಿನ ಹೆಚ್ಚು ಬರುತ್ತಿದೆ. ಐದಾರು ಜನರ ಮನೆಗೆ ಒಂದು ಕೆ.ಜಿ.ಯ ಪಾತ್ರೆಯನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಇಬ್ಬರೇ ಇರುವ ಮನೆಗೆ ಅರ್ಧ ಕೆ.ಜಿ.ಯದೇ ಸರಿ, ನೀರೂ ಉಳಿಯುತ್ತದೆ, ಎತ್ತಲೂ ಹಗುರ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಳಪಾತ್ರೆಗೆ ನೀರು ತುಂಬಿಸಿ, ಮುಚ್ಚಳದ ಕೊಂಡಿ ಹಾಕಿ, ಒಮ್ಮೆ ಬಗ್ಗಿಸಿ ನೋಡಿ.