ಕೈ ಊತಕ್ಕೆ ಗಾಳಿ ಮಷಿನ್ನೋ, ಹಗುರ ಕೈಯೋ?

ಊದಿದ ಕೈಯನ್ನು ಗಾಳಿ ತುಂಬುವ ಚೀಲದಿಂದ ಹಿಂಡುವ ಮಷಿನ್ ಒಂದನ್ನು ಹದಿನಾಲ್ಕು ಸಾವಿರ ಕೊಟ್ಟು ತರಿಸಿದ್ದೆ, ಅದು ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ಅದರ ಅರ್ಧಕ್ಕೂ ಕಡಿಮೆ ದುಡ್ಡಿಗೆ ಕಲಿತ ಮಸಾಜನ್ನು ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ನನ್ನ ಬಲಗೈ ನನ್ನ ಎಡಗೈಗೆ ಮಾಡುತ್ತಿದೆ. ಮಷಿನ್ ಕೊಳ್ಳಲು ಹೊರಟವರಿಗೆ ಇದು ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಸ್ತನ ಕ್ಯಾನ್ಸರ್ ಆಪರೇಷನ್ನಿನಲ್ಲಿ ನನ್ನ ಎಡ ಕಂಕುಳಿನ ದುಗ್ಧಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ತೆಗೆದಿದ್ದರು. ಒಂದೂವರೆ ವರ್ಷ ಏನೂ ತೊಂದರೆ ಇರಲಿಲ್ಲ. ತಂಗಿಯ ಮಗಳ ಮದುವೆಗೆ ಬಳೆ ತೊಡಿಸಿಕೊಳ್ಳಲು ಕೂತಾಗ ಬಲಗೈಗೆ ಸಲೀಸಾಗಿ ಏರಿದ ಬಳೆ ಎಡಗೈಯಲ್ಲಿ ಹೆಬ್ಬೆರಳಿನ ಬುಡದಲ್ಲೇ ನಿಂತುಬಿಟ್ಟಿತು. ರವಿಕೆಯ ತೋಳೂ ಬಿಗಿ. ಮುಂಗೈ ಮೇಲೆ ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತಿತ್ತು. ಡಾಕ್ಟರು ನೋಡಿ ಲಿಂಫೆಡಿಮಾ ಅಂದರು.

ಅವರು ವಿವರಿಸಿದ್ದು ನಮ್ಮ ತುಮಕೂರಿನವರಿಗೆ ಬೇಗ ಅರ್ಥವಾಗುವ ಸಂಗತಿ. ರಕ್ತನಾಳಗಳಿಂದ ಜಿನುಗಿದ ದ್ರವದಲ್ಲಿ ಉಳಿದದ್ದನ್ನು ದುಗ್ಧನಾಳಗಳು (ಲಿಂಫ್ ನಾಳಗಳು) ಎತ್ತಿಕೊಂಡು, ಕೊರಳೆಲುಬಿನ ಹಿಂದಿರುವ ದೊಡ್ಡ ರಕ್ತನಾಳಕ್ಕೆ ತಿರುಗಿ ಸೇರಿಸುತ್ತವೆ. ಇಡೀ ದೇಹದಲ್ಲಿ ದಿನಕ್ಕೆ ಎರಡು ಮೂರು ಲೀಟರ್. ಕಂಕುಳಿನ ಗ್ರಂಥಿಗಳು ಆ ದಾರಿಯ ತೂಬು ಇದ್ದಹಾಗೆ. ಹೇಮಾವತಿ ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ನೀರು ಬರುವ ದಾರಿ ಕಟ್ಟಿಕೊಂಡರೆ ಹಿಂದೆ ನೀರು ನಿಲ್ಲುವುದಿಲ್ಲವೇ, ಹಾಗೆ ನನ್ನ ಕೈಯಲ್ಲಿ ನಿಂತಿತ್ತು.

ಮೊದಲು ಮಾಡಿದ್ದು ಅತ್ತೆ ಹೇಳಿದ್ದು: ಬಿಸಿ ಹರಳೆಣ್ಣೆ. ನಮ್ಮ ಬೀದಿಯಲ್ಲಿ ಬಾಣಂತಿಯರಿಗೆ ಎಣ್ಣೆ ನೀರು ಹಾಕುವ ಅಜ್ಜಿಯೊಬ್ಬರಿದ್ದಾರೆ. ಸೊಂಟ ಹಿಡಿದರೆ ನಾನು ಇಂದಿಗೂ ಅವರ ಹತ್ತಿರವೇ ಹೋಗುವುದು. ಆದರೆ ಈ ಕೈಗೆ ಅವರ ಬಲ ಆಗಿಬರಲಿಲ್ಲ. ಗಟ್ಟಿಯಾಗಿ ತಿಕ್ಕಿ, ಮೇಲೆ ಬಿಸಿನೀರು ಹುಯ್ದ ಮಾರನೇ ದಿನ ಕೈ ಕೆಂಪಗಾಗಿ ಇನ್ನಷ್ಟು ಬಿಗಿಯಿತು. ಬಿಸಿಗೆ ಆ ಜಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತದೆ, ಜಿನುಗುವ ದ್ರವವೂ ಹೆಚ್ಚುತ್ತದೆ ಅಂತ ಆಮೇಲೆ ಗೊತ್ತಾಯಿತು. ಬ್ಯೂಟಿ ಪಾರ್ಲರಿನವರ ‘ಲಿಂಫ್ಯಾಟಿಕ್ ಮಸಾಜ್’ ಕೂಡ ಇದೇ ತಿಕ್ಕಾಟ, ಎಣ್ಣೆಯ ವಾಸನೆ ಮಾತ್ರ ಬೇರೆ.

ಆಮೇಲೆ ಬಂತು ಮಷಿನ್. ಕೈಗೆ ಉದ್ದನೆಯ ಚೀಲ ಹಾಕಿ ಜಿಪ್ ಎಳೆದರೆ, ಒಳಗಿನ ನಾಲ್ಕು ಕೋಣೆಗಳಲ್ಲಿ ಬೆರಳಿನ ಕಡೆಯಿಂದ ಒಂದೊಂದಾಗಿ ಗಾಳಿ ತುಂಬುತ್ತದೆ. ಅಂಗೈಯಿಂದ ಮೇಲಕ್ಕೆ ಹಿಂಡಿದ ಹಾಗೆ. ಮೊದಲ ದಿನ ಮುಕ್ಕಾಲು ಗಂಟೆ ಆದಮೇಲೆ ಮಣಿಕಟ್ಟಿನ ಮೂಳೆ ಕಾಣಿಸಿತು. ನಾಲ್ಕು ತಿಂಗಳಿಂದ ಕಾಣದ ಮೂಳೆ ಅದು. ಖುಷಿಗೆ ಕಣ್ಣಲ್ಲಿ ನೀರು ಬಂತು, ತಂಗಿಗೆ ಫೋನ್ ಮಾಡಿ ಹೇಳಿದೆ.

ಒಂದು ವಾರ ಹೀಗೇ ನಡೆಯಿತು. ಎರಡನೇ ವಾರ ರವಿಕೆಯ ತೋಳಿನ ಹೊಲಿಗೆ ಹೆಗಲ ಹತ್ತಿರ ಒತ್ತಲು ಶುರುವಾಯಿತು. ಬಟ್ಟೆ ಒಗೆದು ಕುಗ್ಗಿರಬೇಕು ಅಂದುಕೊಂಡೆ. ಬೇರೆ ರವಿಕೆಯೂ ಹಾಗೇ. ಟೇಪು ಹಿಡಿದು ಅಳೆದಾಗ ಮುಂಗೈ ಒಂದೂವರೆ ಸೆಂಟಿಮೀಟರ್ ಇಳಿದಿತ್ತು, ಮೊಣಕೈ ಮೇಲಿನ ರಟ್ಟೆ ಒಂದು ಸೆಂಟಿಮೀಟರ್ ಏರಿತ್ತು. ಚೀಲ ಮುಗಿಯುವಲ್ಲಿ, ಕಂಕುಳ ಮುಂದೆ, ಮೆತ್ತನೆಯ ಉಂಡೆಯ ಹಾಗೆ ತುಂಬಿಕೊಂಡಿತ್ತು. ಬೆನ್ನ ಕಡೆ ಬ್ರಾ ಪಟ್ಟಿಯ ಪಕ್ಕದಲ್ಲೂ ಅದೇ ಕಥೆ. ಮಷಿನ್ ನೀರನ್ನು ಕೈಯಿಂದ ಹೊರಕ್ಕೆ ಕಳಿಸಿರಲಿಲ್ಲ. ತೂಬಿನ ಬಾಯಿಗೆ ತಂದು ನಿಲ್ಲಿಸಿತ್ತು, ಅಷ್ಟೇ. ಅಲ್ಲಿಂದ ಮುಂದಕ್ಕೆ ದಾರಿ ಇಲ್ಲವಲ್ಲ!

ಕಂಪನಿಗೆ ಫೋನ್ ಮಾಡಿದರೆ ಒತ್ತಡ ಹೆಚ್ಚಿಸಿ ಅಂದರು. ಹೆಚ್ಚಿಸಿದೆ. ಬೆರಳು ಜೋಮು ಹಿಡಿಯಿತು, ಉಂಡೆ ಕರಗಲಿಲ್ಲ. ಇನ್ನೊಂದು ಚಾರ್ಜರ್ ಕಳಿಸುತ್ತೇವೆ ಅಂದರು! ನನಗೆ ತುಂಬಾ ಬೇಸರವಾದದ್ದು ಇಲ್ಲೇ. ನಿಮ್ಮ ಊತ ಎಲ್ಲಿಂದ ಬಂತು, ಗ್ರಂಥಿ ತೆಗೆದಿದ್ದಾರಾ ಅಂತ ಮಾರುವಾಗಲೂ ಕೇಳಲಿಲ್ಲ, ದೂರು ಕೊಟ್ಟಾಗಲೂ ಕೇಳಲಿಲ್ಲ. ಬಳಸಿದ ಮಾಲು ವಾಪಸ್ ಇಲ್ಲ ಅನ್ನುವಲ್ಲಿಗೆ ಮಾತು ಮುಗಿಯಿತು.

ಹೆದರಿ ಫಿಸಿಯೋಥೆರಪಿಗೆ ಹೋದೆ. ಲಿಂಫೆಡಿಮಾ ಕೆಲಸ ಕಲಿತ ಹುಡುಗಿ, ನನ್ನ ಮಗಳ ವಯಸ್ಸು. ಕೈ ಮುಟ್ಟುವ ಮೊದಲು ಕತ್ತಿನ ಬುಡ ಮುಟ್ಟಿದಳು. “ಅಮ್ಮ, ಮೊದಲು ಮುಂದಿನ ದಾರಿ ಖಾಲಿ ಮಾಡೋಣ, ಆಮೇಲೆ ನೀರು ಕಳಿಸೋಣ” ಅಂದಳು. ಮಷಿನ್ನಿನಲ್ಲಿ ಏನು ತಪ್ಪಾಯಿತು ಅಂತ ನನಗೆ ಆ ಒಂದು ಮಾತಿನಲ್ಲಿ ತಿಳಿಯಿತು.

ಕ್ರಮ ಹೀಗೆ. ಕೊರಳೆಲುಬಿನ ಮೇಲಿನ ಗುಳಿ ಮೊದಲು. ಆಮೇಲೆ ಗ್ರಂಥಿ ಇನ್ನೂ ಇರುವ ಬಲ ಕಂಕುಳು, ಮತ್ತು ಎಡ ತೊಡೆಯ ಸಂದು. ನಂತರ ಎದೆಯ ಮೇಲೆ ಅಡ್ಡಲಾಗಿ ಬಲಕ್ಕೆ, ಪಕ್ಕೆಯ ಮೇಲೆ ಕೆಳಕ್ಕೆ ದಾರಿ ಮಾಡುವುದು. ಕೊನೆಗೆ ಕೈ. ಅದರಲ್ಲೂ ರಟ್ಟೆ ಮೊದಲು, ಮುಂಗೈ ಆಮೇಲೆ, ಬೆರಳು ಕಡೆಗೆ. ಕೈಯನ್ನು ಸವರುವುದು ಯಾವಾಗಲೂ ಮೇಲ್ಮುಖವಾಗಿ. ಎಣ್ಣೆ ಬೇಡ, ಕೈ ಜಾರಿದರೆ ಚರ್ಮ ಜರುಗುವುದಿಲ್ಲ. ಮಗುವಿನ ಕೆನ್ನೆ ಸವರುವಷ್ಟು ಮೆಲ್ಲಗೆ ಚರ್ಮವನ್ನು ಎಳೆದು ಬಿಡಬೇಕು, ಕೆಳಗಿನ ಮಾಂಸ ಒತ್ತಬಾರದು. ಆ ನಾಳಗಳು ಚರ್ಮದ ಅಡಿಯಲ್ಲೇ ಇರುತ್ತವೆ, ಗಟ್ಟಿಯಾಗಿ ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಇದನ್ನು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ಮತ್ತು ಎಸ್ಟ್ರಿಡ್ ವಾಡರ್ ದಂಪತಿ. ಫ್ರಾನ್ಸಿನ ಕಡಲತೀರದಲ್ಲಿ, ವಾಸಿಯಾಗದ ನೆಗಡಿಯವರ ಕತ್ತಿನ ಊದಿದ ಗ್ರಂಥಿಗಳನ್ನು ಸವರುತ್ತಾ ಶುರು ಮಾಡಿ, 1936ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದರಂತೆ.

ಮಸಾಜ್ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಮೊದಲ ಎರಡು ವಾರ ಆ ಹುಡುಗಿ ಹೆಚ್ಚು ಹಿಗ್ಗದ ಪಟ್ಟಿಯನ್ನು ಪದರ ಪದರವಾಗಿ ಸುತ್ತಿದಳು. ಉಳುಕಿಗೆ ಸುತ್ತುವ ಕ್ರೇಪ್ ಬ್ಯಾಂಡೇಜು ಇದಕ್ಕೆ ನಡೆಯುವುದಿಲ್ಲ. ಆಮೇಲೆ ಅಳತೆಗೆ ತಕ್ಕ, ಕೈಗೆ ಬಿಗಿಯಾಗಿ ಹಾಕುವ ತೋಳು, ಅಂದರೆ ಕಂಪ್ರೆಷನ್ ಸ್ಲೀವ್, ಅಂಗೈ ಕವರ್ ಸಮೇತ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ವಿಮರ್ಶೆಯೂ ಇದನ್ನೇ ಹೇಳುತ್ತದೆ: ಈ ಮಸಾಜಿನಿಂದ ಅಪಾಯವಿಲ್ಲ, ಪಟ್ಟಿಯ ಜೊತೆ ಸೇರಿಸಿದರೆ ಊತ ಇನ್ನಷ್ಟು ಇಳಿಯಬಹುದು, ಅದೂ ಊತ ಸ್ವಲ್ಪ ಇರುವಾಗಲೇ ಹೆಚ್ಚು. ಹಾಗಾಗಿ ಬಳೆ ಏರದ ದಿನವೇ ಹೋಗಿ, ನನ್ನ ಹಾಗೆ ನಾಲ್ಕು ತಿಂಗಳು ಕಳೆಯಬೇಡಿ.

ಸ್ಲೀವಿನ ಕಷ್ಟ ಇಷ್ಟೇ: ಮುದ್ದೆ ತಿರುವುವಾಗ ಬಿಚ್ಚಬೇಕು. ತುಮಕೂರಿನ ಏಪ್ರಿಲ್ ಬಿಸಿಲಿಗೆ ತುರಿಸುತ್ತದೆ. ಎರಡಿದ್ದರೆ ಒಂದನ್ನು ಒಗೆದು ನೆರಳಲ್ಲಿ ಒಣಗಿಸಬಹುದು.

ದುಡ್ಡಿನ ಲೆಕ್ಕ. ಫಿಸಿಯೋಗೆ ಒಂದು ಸಲಕ್ಕೆ ಐನೂರರಂತೆ ಹನ್ನೆರಡು ಸಲ, ಆರು ಸಾವಿರ. ಪಟ್ಟಿ, ಎರಡು ಸ್ಲೀವು ಸೇರಿ ಇನ್ನೊಂದು ಏಳು ಸಾವಿರ, ಸ್ಲೀವನ್ನು ಆರು ತಿಂಗಳಿಗೆ ಬದಲಿಸಬೇಕು. ಒಟ್ಟು ಮಷಿನ್ನಿನ ಹತ್ತಿರಕ್ಕೇ ಬಂತು. ಆದರೆ ಕಲಿತದ್ದು ನನ್ನ ಕೈಯಲ್ಲಿದೆ, ಕರೆಂಟು ಹೋದರೂ ನಡೆಯುತ್ತದೆ, ತಿಪಟೂರಿನ ತವರಿಗೆ ಹೋದರೂ ನನ್ನ ಜೊತೆ ಬರುತ್ತದೆ. ನಾನು ಐದಕ್ಕೆ ಏಳುವವಳು, ಇಪ್ಪತ್ತು ನಿಮಿಷ ಸಿಗುತ್ತದೆ. ಬೆರಳು ಸಂಧಿವಾತದಿಂದ ಬಗ್ಗದವರಿಗೆ, ಮಾಡಿಕೊಡಲು ಯಾರೂ ಇಲ್ಲದವರಿಗೆ ಮಷಿನ್ ಬೇಕಾಗಬಹುದು. ಅವರೂ ಫಿಸಿಯೋ ಹೇಳಿದ ಒತ್ತಡದಲ್ಲಿ, ಎದೆ ಬೆನ್ನಿನ ದಾರಿ ಮೊದಲು ಸವರಿ ಆಮೇಲೆ ಹಾಕಿಕೊಳ್ಳಲಿ.

ಯಾವುದನ್ನು ಮಾಡಿದರೂ ಮೊದಲು ಡಾಕ್ಟರು ನೋಡಿರಬೇಕು. ಒಮ್ಮೆಲೇ ಊದಿದ ಕೈಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎರಡೂ ಕಾಲು ಊದಿದರೆ ಹೃದಯ, ಕಿಡ್ನಿ, ಬಿಪಿಯ ಅಮ್ಲೋಡಿಪಿನ್ ಮಾತ್ರೆ ಹೀಗೆ ಕಾರಣ ಬೇರೆಯೇ ಇರಬಹುದು. ಜ್ವರ ಬಂದು ಕೈ ಕೆಂಪಾಗಿ ಸುಡುತ್ತಿದ್ದರೆ ಅದು ಸೋಂಕು, ಮಸಾಜ್ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತೆಂಗಿನಕಾಯಿ ತುರಿಯುವಾಗ ಬೆರಳು ಕೊಯ್ದುಕೊಂಡಾಗ ನನಗೆ ಒಮ್ಮೆ ಹಾಗಾಗಿತ್ತು. ಈಗ ತುರಿಯುವುದು ಮನೆಯವರ ಕೆಲಸ.

ಮೊನ್ನೆ ಭಾನುವಾರ ಅಳೆದಾಗ ಎರಡೂ ಮುಂಗೈಗೆ ಒಂದು ಸೆಂಟಿಮೀಟರ್ ವ್ಯತ್ಯಾಸ ಇತ್ತು, ಶುರುವಿನಲ್ಲಿ ಮೂರೂವರೆ ಇತ್ತು. ಕಂಕುಳ ಮುಂದಿನ ಉಂಡೆ ಹೋಗಿದೆ. ಮಷಿನ್ನನ್ನು ಅರ್ಧ ಬೆಲೆಗೆ ಕೊಡಿ ಅಂತ ಪರಿಚಯದವರೊಬ್ಬರು ಕೇಳಿದ್ದಾರೆ, ಅವರ ಅಕ್ಕನಿಗೂ ನನ್ನದೇ ಆಪರೇಷನ್ ಆಗಿದೆಯಂತೆ. ಮೊದಲು ಅವರನ್ನು ಆ ಹುಡುಗಿಯ ಹತ್ತಿರ ಕಳಿಸಿ ಅಂದಿದ್ದೇನೆ.